ಭಯವನ್ನು ಹೇಳಿಕೊಂಡರೆ ನಂಬಿಕೆ ಕಡಿಮೆಯಾದಂತೆಯೇ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಬ್ಬ ಶಿಕ್ಷಕ. ನನ್ನ ಹೆಂಡತಿಗೆ 46 ವರ್ಷ. ಎಡಸ್ತನದಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಸ್ತನವನ್ನು ತೆಗೆದರು. ಈಗ 21 ದಿನಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತೇವೆ. ಎರಡು ಸಲ ಆಗಿದೆ. ನಾವು ಸಿ.ಎಸ್.ಐ. (ದಕ್ಷಿಣ ಭಾರತ ಕ್ರೈಸ್ತ ಸಭೆ) ಸಭೆಯವರು. ಪ್ರತಿ ರಾತ್ರಿ ಅವಳ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತೇನೆ. ಮೊದಲು ಆಮೆನ್ ಎನ್ನುತ್ತಿದ್ದವಳು ಈಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಕೂದಲು ಉದುರಿದ ದಿನದಿಂದ ಕನ್ನಡಿಗೆ ಟವೆಲ್ ಹೊದಿಸಿದ್ದಾಳೆ. "ನನಗೇನಾದರೂ ಆದರೆ..." ಎಂದು ಮಾತು ತೆಗೆದಾಗಲೆಲ್ಲ, "ಅದು ಅವಿಶ್ವಾಸದ ಮಾತು, ಆಡಬೇಡ" ಎಂದು ನಾನೇ ತಡೆದಿದ್ದೇನೆ. ಮನೆಗೆ ಬಂದಿದ್ದ ಪ್ರಾರ್ಥನಾ ಗುಂಪಿನವರೊಬ್ಬರು, ಪೂರ್ಣ ನಂಬಿಕೆ ಇದ್ದರೆ ಉಳಿದ ಕೀಮೋ ಬೇಕಾಗಿಲ್ಲ ಎಂದರು. ಅವಳ ನಂಬಿಕೆಯನ್ನು ಬಲಪಡಿಸುವುದು ಹೇಗೆ?

ಉತ್ತರ: ಪ್ರಿಯ ಸಹೋದರರೇ, ನಿಮ್ಮ ಕೊನೆಯ ವಿಷಯಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಡಮಾಡುವಂಥದ್ದಲ್ಲ. ಕೀಮೋವನ್ನು ನಿಲ್ಲಿಸಬೇಡಿ, ವೈದ್ಯರು ಹೇಳದೆ ಒಂದು ಸರದಿಯನ್ನೂ ತಪ್ಪಿಸಬೇಡಿ. ಗಂಟನ್ನು ತೆಗೆದಾಗಿದೆಯಲ್ಲ, ಮತ್ತೇಕೆ ಈ ಸಂಕಟ ಎಂದು ಅನಿಸುವುದು ಸಹಜ; ಆದರೆ ಶಸ್ತ್ರಚಿಕಿತ್ಸೆಯ ನಂತರದ ಕೀಮೋ ಸ್ಕ್ಯಾನಿನಲ್ಲಿಯೂ ಕಾಣಿಸದೆ ದೇಹದಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಜೀವಕೋಶಗಳಿಗಾಗಿ ಕೊಡುವ ಮದ್ದು. ನಡುವಿನ 21 ದಿನಗಳು ಎಲುಬಿನ ಮಜ್ಜೆ ಚೇತರಿಸಿಕೊಂಡು ಹೊಸ ರಕ್ತಕಣಗಳನ್ನು ಮಾಡಲು ಕೊಟ್ಟ ಕಾಲ. ಮದ್ದನ್ನು ನಡುವೆಯೇ ಬಿಟ್ಟರೆ, ಇಷ್ಟು ದಿನ ನಿಮ್ಮ ಪತ್ನಿ ಪಟ್ಟ ಪಾಡಿನ ಫಲವನ್ನು ಅರ್ಧಕ್ಕೆ ಕೈಬಿಟ್ಟಂತಾಗುತ್ತದೆ. ಸತ್ಯವೇದ (ಬೈಬಲ್) ಓದುವ ನಿಮಗೆ ಅರಸನಾದ ಹಿಜ್ಕೀಯನ ನೆನಪಿರಬೇಕು. ಸಾಯುವಂಥ ಕಾಯಿಲೆ ಬಂದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ದೇವರು ಅವನ ಆಯುಸ್ಸಿಗೆ 15 ವರ್ಷಗಳನ್ನು ಕೂಡಿಸುವುದಾಗಿ ಹೇಳಿದನು. ಆ ಮಾತನ್ನು ತಂದ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣನ್ನು ಅರೆದು ಹುಣ್ಣಿಗೆ ಕಟ್ಟಲು ಹೇಳಿದನು. ಪ್ರಾರ್ಥನೆ, ಮದ್ದು ಎರಡೂ ಒಂದೇ ಕಥೆಯಲ್ಲಿ ಅಕ್ಕಪಕ್ಕದಲ್ಲಿವೆ. ನಿಮ್ಮ ಪತ್ನಿಯೂ ಗೋಡೆಯ ಕಡೆ ಮುಖ ಮಾಡುತ್ತಾರೆಂದು ಬರೆದಿದ್ದೀರಿ. ಅದನ್ನು ಅವಿಶ್ವಾಸವೆಂದು ಎಣಿಸುವ ಮುನ್ನ ಹಿಜ್ಕೀಯನನ್ನು ನೆನೆಯಿರಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಾನು ಹಲವು ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತಸಲಹೆಗಾರಳಾಗಿದ್ದೆ. ಆಗ ಕಂಡ ದಂಪತಿಗಳಲ್ಲಿ ಅನೇಕರು, ಒಬ್ಬರು ಇನ್ನೊಬ್ಬರನ್ನು ಕಾಪಾಡಬೇಕೆಂಬ ಪ್ರೀತಿಯಿಂದಲೇ ಇಬ್ಬರೂ ಒಂಟಿಯಾಗಿಬಿಟ್ಟಿದ್ದರು: ಹೆಂಡತಿ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅಳುವುದು, ಗಂಡ ಔಷಧದ ಅಂಗಡಿಗೆಂದು ಹೊರಟು ದಾರಿಯಲ್ಲಿ ನಿಂತು ಅಳುವುದು. ನಿಮ್ಮ ಮನೆಯಲ್ಲಿಯೂ ಅದೇ ನಡೆದಿದೆಯೆಂದು ನನಗೆ ತೋರುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ನಡುವೆ ಬಂದು ನಿಂತಿರುವುದು ಪ್ರಾರ್ಥನೆ. ಮಾತು ಆಡಿದಾಗಲೆಲ್ಲ ತಡೆಯಲ್ಪಟ್ಟವರು ಆಮೆನ್ ಎನ್ನುವುದನ್ನೂ ಬಿಟ್ಟಿದ್ದಾರೆ, ಏಕೆಂದರೆ ಆ ಪ್ರಾರ್ಥನೆಯಲ್ಲಿ ಅವರಿಗೆ ಜಾಗವಿಲ್ಲ. ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಅವರನ್ನು ಕಳೆದುಕೊಳ್ಳುವ ಭಯ ನಿಮಗೆ ಎಷ್ಟಿದೆಯೆಂದರೆ, ಅದನ್ನು ಅವರ ಬಾಯಿಂದ ಕೇಳುವ ಶಕ್ತಿ ನಿಮಗಿರಲಿಲ್ಲ.

ಈ ರಾತ್ರಿ ಸತ್ಯವೇದದ 88ನೆಯ ಕೀರ್ತನೆಯನ್ನು ನೀವೊಬ್ಬರೇ ಓದಿ ನೋಡಿ. ಬೇರೆ ಪ್ರಲಾಪದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಹಾಗಿದ್ದರೂ ಅದು ಸತ್ಯವೇದದಲ್ಲಿ ಪ್ರಾರ್ಥನೆಯಾಗಿಯೇ ಉಳಿದಿದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತನಗೆ ಭಯವಿಲ್ಲ ಎನ್ನಲಿಲ್ಲ. ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರಿಗೆ ಹೇಳಿಕೊಂಡು, ತನ್ನೊಂದಿಗೆ ಎಚ್ಚರವಾಗಿರಲು ಬೇಡಿಕೊಂಡನು. ಆ ಮೂವರಿಂದ ಅವನು ಉಪದೇಶವನ್ನು ಕೇಳಲಿಲ್ಲ. ನಿಮ್ಮ ಪತ್ನಿ ನಿಮ್ಮಿಂದ ಕೇಳುತ್ತಿರುವುದೂ ಬಹುಶಃ ಅಷ್ಟೇ.

ಆದ್ದರಿಂದ ಮುಂದಿನ ಸಲ ಅವರು "ನನಗೇನಾದರೂ ಆದರೆ" ಎಂದಾಗ, "ಹೇಳು, ಕೇಳುತ್ತೇನೆ" ಎಂದಷ್ಟೇ ಹೇಳಿ ಸುಮ್ಮನಿರಿ. ಮಕ್ಕಳ ಮಾತು ಬರಬಹುದು, ಸಾಲದ ಮಾತು ಬರಬಹುದು, ಸಾವಿನ ಮಾತೂ ಬರಬಹುದು. ಮಾತು ಮುಗಿದ ಮೇಲೆ "ನನಗೂ ಭಯವಾಗಿದೆ" ಎಂದು ನಿಮ್ಮ ಬಾಯಿಂದ ಹೇಳಿ. ಪ್ರಾರ್ಥಿಸುವುದಾದರೆ ಅವರು ಆಡಿದ ಮಾತುಗಳನ್ನೇ ದೇವರ ಮುಂದೆ ಇಡಿ. ಇನ್ನೊಂದು ಮಾತನ್ನು ಹೆಣ್ಣಾಗಿ ಕೇಳುತ್ತೇನೆ: ಶಸ್ತ್ರಚಿಕಿತ್ಸೆಯ ಗಾಯದ ಗುರುತನ್ನು ನೀವು ನೋಡಿದ್ದೀರಾ? ಕನ್ನಡಿಗೆ ಟವೆಲ್ ಹೊದಿಸಿದವರು ನಿಮ್ಮ ಕಣ್ಣಿಗೂ ಅಂಜುತ್ತಿರಬಹುದು. ಒತ್ತಾಯಿಸಬೇಡಿ, ಅವರು ತೋರಿಸಲು ಸಿದ್ಧರಾದ ದಿನ ಮುಖ ತಿರುಗಿಸಬೇಡಿ. ವ್ಯಾಧಿಯಲ್ಲಿಯೂ ಆರೋಗ್ಯದಲ್ಲಿಯೂ ಎಂದು ಸಭೆಯ ಮುಂದೆ ಕೊಟ್ಟ ಮಾತು ಈ ದೇಹಕ್ಕೂ ಸೇರಿದ್ದು.

ಕೀಮೋ ಆದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಅತಿ ಕಡಿಮೆ ಇರುತ್ತವೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯದೆ, ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ. ಆ ದಿನಗಳಲ್ಲಿ ನೆಗಡಿ, ಕೆಮ್ಮು ಇರುವವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಬಂದರೆ ಬಾಗಿಲಲ್ಲಿಯೇ ವಿನಯದಿಂದ ತಡೆಯುವ ಕೆಲಸ ನಿಮ್ಮದು. ಭಾನುವಾರ ಕರ್ತನ ಭೋಜನದಲ್ಲಿ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯಲ್ಲಿ) ಎಲ್ಲರೂ ಕುಡಿಯುವ ಒಂದೇ ಪಾತ್ರೆಯಿಂದ ಕುಡಿಯುವುದೂ ಆಗ ಬೇಡ. ಆ ಭೋಜನವನ್ನು ಮನೆಗೆ ತಂದುಕೊಡುವಂತೆ ಸಭಾಪಾಲಕರನ್ನು ಕೇಳಿಕೊಳ್ಳಿ. ಬಂದವರು ಯಾರಾದರೂ ನಂಬಿಕೆ ಸಾಲದು ಎಂದು ನಿಮ್ಮ ಪತ್ನಿಯ ಎದುರೇ ಹೇಳಿದರೆ, ಹಾಗೆ ಹೇಳಿದವರನ್ನು ಮತ್ತೆ ಕರೆಯಬೇಡಿ. ಸತ್ಯವೇದದಲ್ಲಿ, ಕಷ್ಟದ ಮೇಲೆ ಕಷ್ಟ ಅನುಭವಿಸಿದ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕದಲ್ಲಿ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಅವರು ಅವನಿಗೆ ಭಾರವಾದದ್ದು.

ಪ್ರಶ್ನೆ: ಮಂಗಳೂರಿನ ಕಥೋಲಿಕ ಕುಟುಂಬ ನಮ್ಮದು. ನನ್ನ ಗಂಡನಿಗೆ ಬಾಯಿಯ ಕ್ಯಾನ್ಸರ್. ವಾರಕ್ಕೆ ಐದು ದಿನ ರೇಡಿಯೇಷನ್ ನಡೆದಿದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಉಪವಾಸ ಬಿಡಲು ಅವರು ಒಪ್ಪುತ್ತಿಲ್ಲ. ಅಭ್ಯಂಗಕ್ಕೆ (ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ) ಫಾದರ್ ಅವರನ್ನು ಕರೆಯೋಣವೆಂದರೆ, "ನಾನು ಸಾಯುತ್ತೇನೆಂದು ತೀರ್ಮಾನಿಸಿದೆಯಾ?" ಎನ್ನುತ್ತಾರೆ.

ಉತ್ತರ: ಅಮ್ಮಾ, ಬಾಯಿಯ ರೇಡಿಯೇಷನ್ ಸಾಮಾನ್ಯವಾಗಿ ಆರೇಳು ವಾರ ನಡೆಯುತ್ತದೆ. ವಾರಗಳು ಕಳೆದಂತೆ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ನುಂಗುವುದು ಕಷ್ಟವಾಗುತ್ತದೆ. ಈ ಕಾಲದಲ್ಲಿ ತೂಕ ಇಳಿಯದಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ಒಂದು ಭಾಗ. ಧರ್ಮಸಭೆ ಕಡ್ಡಾಯ ಉಪವಾಸವೆಂದು ಹೇಳಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಮಾತ್ರ. ಅದರಿಂದಲೂ ರೋಗಿಗಳಿಗೆ ವಿನಾಯಿತಿ ಇದೆ. ನೀವು ಹೇಳಿದರೆ ಅವರು ಕೇಳಲಿಕ್ಕಿಲ್ಲ, ಫಾದರ್ ಬಾಯಿಂದ ಹೇಳಿಸಿ. ಖಾರ, ಹುಳಿಯಿಲ್ಲದ ತೆಳು ಗಂಜಿ, ರಾಗಿ ಅಂಬಲಿ, ಮೊಟ್ಟೆ, ಮಜ್ಜಿಗೆ ಯಾವುದು ಇಳಿಯುತ್ತದೆಯೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಆಹಾರ ಕೊಡಲು ಮೂಗಿನ ನಳಿಕೆ ಹಾಕಬೇಕೆಂದು ವೈದ್ಯರು ಹೇಳಿದರೆ ಅದನ್ನು ಸೋಲೆಂದು ಎಣಿಸಬೇಡಿ.

ಅಭ್ಯಂಗದ ವಿಷಯದಲ್ಲಿ ಅವರ ಅಂಜಿಕೆಗೆ ಕಾರಣವಿದೆ. ಹಿಂದೆ ಅದನ್ನು ಕಡೆಯ ಅಭ್ಯಂಗವೆಂದು ಕರೆಯುತ್ತಿದ್ದರು, ಸಾಯುವ ಹೊತ್ತಿನಲ್ಲಿಯೇ ಕೊಡುವ ರೂಢಿಯಿತ್ತು. ಕಥೋಲಿಕ ಬಿಷಪ್‌ಗಳು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಅದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದು ಹೆಚ್ಚು ಸೂಕ್ತವೆಂದು ಹೇಳಿತು. ಗಂಭೀರ ಕಾಯಿಲೆಯಲ್ಲಿರುವವರು ಅದನ್ನು ಪಡೆಯಬಹುದು, ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆಯೂ ಪಡೆಯಬಹುದು. ಇದನ್ನು ಅವರಿಗೆ ತಿಳಿಸಿ, ತೀರ್ಮಾನವನ್ನು ಅವರಿಗೇ ಬಿಡಿ. ಅವರಿಗಾಗಿ ನೀವೂ ಅನ್ನ ಬಿಟ್ಟು ಕುಳಿತಿದ್ದರೆ ದಯವಿಟ್ಟು ಇಂದೇ ಊಟ ಮಾಡಿ. ನಾಳೆ ಅವರನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕಾದವರು ನೀವು.