ಮಕ್ಕಳ ಶೀತ, ಅಮೃತಬಳ್ಳಿ ರಸ, ಮತ್ತೆ ನಮ್ಮ ಮಳೆಗಾಲ

ಅಕ್ಕಾ, ಗುಂಪಿನಲ್ಲಿ ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದ್ದೆ. ಗಾಳಿಮಳೆಗೆ ಕರೆಂಟು ಹೋಗಿತ್ತು, ಅದಕ್ಕೆ ಉತ್ತರ ತಡವಾಯಿತು. ನೀವು ಕೇಳಿದ್ದು ಎರಡು. ಒಂದು, ಶಾಲೆ ಶುರುವಾದ ಮೇಲೆ ಆರು ವರ್ಷದ ಮಗನಿಗೆ ಇದು ಮೂರನೇ ಸಲ ಶೀತ, ಅವನ ರೋಗನಿರೋಧಕ ಶಕ್ತಿ ಕಡಿಮೆಯೋ ಏನೋ ಅಂತ. ಇನ್ನೊಂದು, ಮನೆಯವರೆಲ್ಲ ದಿನಾ ಬೆಳಿಗ್ಗೆ ಅಮೃತಬಳ್ಳಿ ರಸ ಕುಡಿದರೆ ಹೇಗೆ ಅಂತ. ಕೆಳಗೆ ಆಗಲೇ ಹದಿನೈದು ಜನ ಹದಿನೈದು ಕಷಾಯ ಹೇಳಿ ಆಗಿದೆ. ಹದಿನಾರನೆಯದು ನನ್ನದು ಬೇಡ. ನಾನು ಡಾಕ್ಟರಲ್ಲ, ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ತಂಗಿ ನರ್ಸು. ಅವಳ ಹತ್ತಿರ ಬೈಸಿಕೊಂಡು ಕಲಿತದ್ದೇ ಜಾಸ್ತಿ.

ಮೊದಲು ಮಗುವಿನ ವಿಷಯ. ಆ ಪ್ರಾಯದ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಬರುವುದು ಮಾಮೂಲು. ಶೀತ ತರುವ ವೈರಸ್‌ಗಳೇ ಇನ್ನೂರಕ್ಕಿಂತ ಹೆಚ್ಚಿವೆ. ಅವನು ಒಂದೊಂದನ್ನೇ ಪರಿಚಯ ಮಾಡಿಕೊಳ್ಳುತ್ತಿದ್ದಾನೆ, ಅಷ್ಟೇ. ನಡುವಿನ ದಿನಗಳಲ್ಲಿ ಚೆನ್ನಾಗಿ ಉಣ್ಣುತ್ತಾನಾ, ಆಡುತ್ತಾನಾ, ತೂಕ ಏರುತ್ತಿದೆಯಾ? ಹಾಗಿದ್ದರೆ ಶಕ್ತಿ ಕಡಿಮೆ ಅಂತ ಹೆದರಬೇಡಿ. ಹೊಟ್ಟೆಹುಳದ ಮಾತ್ರೆ ಮಾತ್ರ ತಪ್ಪಿಸಬೇಡಿ. ಅಂಗನವಾಡಿ, ಶಾಲೆಗಳಲ್ಲಿ ಆರು ತಿಂಗಳಿಗೊಮ್ಮೆ ಕೊಡುತ್ತಾರೆ. ನಮ್ಮ ಮಕ್ಕಳು ಬರಿಗಾಲಲ್ಲಿ ತೋಟ ಸುತ್ತುವವರು. ಕೊಕ್ಕೆಹುಳ ಕಾಲಿನ ಚರ್ಮದಿಂದಲೇ ಒಳಗೆ ಹೋಗಿ ರಕ್ತ ಹೀರುತ್ತದೆ. ಮಗು ಬಿಳಿಚಿಕೊಂಡು ಸುಸ್ತಾದರೆ ನಾವು ಲೇಹ್ಯ ಹುಡುಕುತ್ತೇವೆ.

ಇನ್ನು ಅಮೃತಬಳ್ಳಿ. ನಮ್ಮ ಮನೆಯ ನೆಲ್ಲಿಮರಕ್ಕೂ ಹಬ್ಬಿದೆ, ಬಳ್ಳಿಯ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಕೊರೊನಾ ಕಾಲದಲ್ಲಿ ಜನ ಇದನ್ನು ತಿಂಗಳುಗಟ್ಟಲೆ ಕುಡಿದರು. ಲಿವರ್ ಕೆಟ್ಟು ಆಸ್ಪತ್ರೆಗೆ ಬಂದ ಆರು ಜನರ ವಿಷಯವನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅದೇ ಜಾತಿಯ ಬೇರೆ ಬಳ್ಳಿ ಬೆರೆತು ಹೀಗಾಗಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಅದೂ ಇರಬಹುದು. ನೋಡಲು ಎರಡೂ ಒಂದೇ ತರ. ಹಾಗಾದರೆ ನಾವು ಬೇಲಿಯಿಂದ ಕೊಯ್ದು ತರುವಾಗ ಗುರುತು ಹಿಡಿಯುವವರು ಯಾರು? ವೈದ್ಯರು ನೋಡಿ, ಇಷ್ಟು ದಿನಕ್ಕೆ ಅಂತ ಕೊಟ್ಟರೆ ಬೇರೆ ಮಾತು. ಚೆನ್ನಾಗಿರುವ ಮಗುವಿಗೆ ದಿನಾ ಕುಡಿಸುವ ಕೆಲಸ ಬೇಡ ಅಕ್ಕಾ.

ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಪಾಲೆಮರದ ಕೆತ್ತೆಯಿಂದ (ತೊಗಟೆಯಿಂದ) ಮಾಡುವ ಕಷಾಯಕ್ಕೂ ಇದೇ ಮಾತು. ವರ್ಷಕ್ಕೊಂದು ದಿನ, ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಒಂದು ಗುಟುಕು, ಮೇಲಿಂದ ಮೆಂತೆ ಗಂಜಿ. ನಾನೂ ಕುಡಿಯುತ್ತೇನೆ. ಆದರೆ ಮುಂಜಾನೆ ಕತ್ತಲಲ್ಲಿ ಕೆತ್ತೆ ತರುವವರಿಗೆ ಮರದ ಗುರುತು ಹಗಲಲ್ಲೇ ಗೊತ್ತಿರಬೇಕು. ಪಾಲೆ ಅಂತ ಕಾಸರಕನ ಮರದ ಕೆತ್ತೆ ತಂದರೆ ಅದು ನೇರ ವಿಷ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದಾಗ ಮಂಗಳೂರಿಗೆ ಹೋಗುವ ದಾರಿಯೇ ಇರಲಿಲ್ಲ ಅಲ್ವಾ. ಕಾಯಿಲೆ ಬಂದರೆ ಏನು ಗತಿ ಎಂಬ ಹೆದರಿಕೆಗೆ ದಿನಕ್ಕೆ ಮೂರು ಲೋಟ ಕಾಳುಮೆಣಸು, ಶುಂಠಿ ಕಷಾಯ ಕುಡಿದೆ. ಇಪ್ಪತ್ತು ದಿನಕ್ಕೆ ಹೊಟ್ಟೆಯಲ್ಲಿ ಬೆಂಕಿ, ಬಾಯಿ ತುಂಬ ಹುಣ್ಣು. ಎರಡು ವಾರ ಮಜ್ಜಿಗೆ ಅನ್ನದಲ್ಲೇ ಕಳೆದೆ. ಜೀರಿಗೆ, ಕೊತ್ತಂಬರಿ ಕಷಾಯ ಹಾಲು ಬೆಲ್ಲ ಹಾಕಿ ಕುಡಿಯಿರಿ, ಗಂಟಲಿಗೆ ಹಿತ. ಅದನ್ನು ಔಷಧ ಅಂತ ಮಾತ್ರ ಎಣಿಸಬೇಡಿ.

ಇನ್ನೊಂದು ವಿಷಯ ಈ ಚರ್ಚೆಯಲ್ಲಿ ಯಾರೂ ಹೇಳಲಿಲ್ಲ. ಈ ರೋಗನಿರೋಧಕ ಶಕ್ತಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ಏನಿಲ್ಲ. ಬೆಳಿಗ್ಗೆ ಎದ್ದು ಹತ್ತು ಸೀನು ಸೀನುತ್ತೇವಲ್ಲ, ಅಡಿಕೆ ಸುಲಿಯುವ ಧೂಳಿಗೆ, ಬೂಸಲು ಹಿಡಿದ ಬೈಹುಲ್ಲಿಗೆ ಉಬ್ಬಸ ಬರುತ್ತದಲ್ಲ, ಅದು ಶಕ್ತಿ ಸಾಲದೆ ಅಲ್ಲ. ಬೇಡದ್ದಕ್ಕೆಲ್ಲ ದೇಹ ಜಗಳಕ್ಕೆ ಹೋಗುವುದರಿಂದ. ಅಂಥವರು ಕುಡಿಯುವುದನ್ನು ಹುಡುಕುವ ಬದಲು ಮೂಗಿಗೆ ಮಾಸ್ಕ್ ಹಾಕಿಕೊಂಡು ಸುಲಿಯಲಿ. ಬಚ್ಚಲೊಲೆಯ ಹೊಗೆ ಮನೆಯೊಳಗೆ ತಿರುಗದ ಹಾಗೆ ಮಾಡಿ. ಬಾಗಿಲು ಮುಚ್ಚಿ ಸೊಳ್ಳೆಬತ್ತಿ ಹಚ್ಚಿ ಮಲಗುವುದೂ ಅಷ್ಟೇ ಕೆಟ್ಟದ್ದು. ಸೊಳ್ಳೆಪರದೆ ಕಟ್ಟಿ.

ದಿನಾ ಮಾಡಬಹುದಾದದ್ದರಲ್ಲಿ ನನ್ನ ಲೆಕ್ಕಕ್ಕೆ ಮೊದಲನೆಯದು ನಿದ್ದೆ. ಅಮೆರಿಕದಲ್ಲಿ 164 ಜನರ ಮೂಗಿಗೆ ಶೀತದ ವೈರಸ್ ಬಿಟ್ಟು ನೋಡಿದ್ದರು. ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ಶೀತ ಹಿಡಿಯುವ ಸಾಧ್ಯತೆ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟು ಕಂಡಿತು. 2015ರಲ್ಲಿ ಪ್ರಕಟವಾದದ್ದು. ಇದನ್ನು ತಂಗಿ ಹೇಳಿದಾಗ ನಮ್ಮ ಮನೆಯ ಕ್ರಮ ನೆನಪಾಯಿತು. ಸುಲಿಯುವ ಸಮಯದಲ್ಲಿ ರಾತ್ರಿ ಹನ್ನೊಂದರ ತನಕ ಜಗಲಿಯಲ್ಲಿ ಕೂರುವುದು, ಆಮೇಲೆ ಅರ್ಧ ಗಂಟೆ ಮೊಬೈಲು, ಬೆಳಿಗ್ಗೆ ಐದಕ್ಕೆ ದನದ ಹಾಲು ಕರೆಯುವುದು. ವರ್ಷಾ ವರ್ಷ ಅದೇ ತಿಂಗಳಲ್ಲಿ ಮನೆಯವರೆಲ್ಲ ಕೆಮ್ಮುವುದು. ಈಗ ಒಂಬತ್ತೂವರೆಗೆ ಸುಲಿಯುವ ಕತ್ತಿ ಕೆಳಗಿಡುತ್ತೇವೆ. ಎರಡು ವಾರ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಅಡಿಕೆ ಎಲ್ಲಿಗೂ ಓಡುವುದಿಲ್ಲ. ಯಕ್ಷಗಾನ ಆಟಕ್ಕೆ ಹೋಗಿ ರಾತ್ರಿಯಿಡೀ ಕೂತರೆ ಮರುದಿನ ಮಧ್ಯಾಹ್ನ ಮಲಗುತ್ತೇನೆ. ಅದನ್ನು ಬಿಡಿ ಅಂದರೆ ನನ್ನಿಂದಾಗದು. ಆರು ವರ್ಷದ ಮಗುವಿಗೆ ಹೇಗೂ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು.

ಊಟದ ವಿಷಯದಲ್ಲಿ ಪೇಟೆಯಿಂದ ತರುವಂಥದ್ದು ಹೆಚ್ಚೇನಿಲ್ಲ. ನೂರು ಗ್ರಾಂ ಪೇರಳೆಯಲ್ಲಿ ಇನ್ನೂರು ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಇದೆ. ನೆಲ್ಲಿಕಾಯಿಯಲ್ಲಿ ಇನ್ನೂ ಜಾಸ್ತಿ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎಂಬತ್ತರ ಆಸುಪಾಸು. ಕಿತ್ತಳೆಗೆ ದುಡ್ಡು ಕೊಡುವ ನಾವು ಪೇರಳೆಯನ್ನು ಬಾವಲಿಗೆ ಬಿಡುತ್ತೇವೆ. ಗೇರುಹಣ್ಣಂತೂ ಬೀಜ ತಿರುಚಿ ಬುಡದಲ್ಲೇ ಎಸೆಯುತ್ತೇವೆ. ಅದರಲ್ಲೂ ಕಿತ್ತಳೆಯ ಹಲವು ಪಟ್ಟು ಸಿ ಇದೆ. ಗಂಟಲು ಕೆರೆಯುತ್ತದೆ ಅನ್ನುವವರು ರಸಕ್ಕೆ ಸ್ವಲ್ಪ ಗಂಜಿತಿಳಿ ಬೆರೆಸಿಡಿ. ಒಗರು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಸೋಸಿ ಕುಡಿಯಿರಿ. ಹಾಗಂತ ಸಿ ತಿಂದರೆ ಶೀತ ಬರುವುದೇ ಇಲ್ಲ ಅಂತಲ್ಲ. ದಿನಾ ತಪ್ಪದೆ ಸಿಕ್ಕರೆ ಬಂದ ಶೀತ ಸ್ವಲ್ಪ ಬೇಗ ಬಿಡುತ್ತದೆ, ಅಷ್ಟೇ.

ನಮ್ಮಲ್ಲಿ ನಿಜವಾಗಿ ಕಡಿಮೆಯಾಗುವುದು ಪ್ರೋಟೀನು. ಮೂರು ಹೊತ್ತು ಕುಚ್ಚಿಲಕ್ಕಿ, ಬದಿಗೆ ನೀರು ನೀರು ಸಾರು. ಹೆಸರು, ಕಡಲೆ, ಅಲಸಂಡೆ, ಹಲಸಿನ ಬೀಜ, ಯಾವುದಾದರೂ ಒಂದು ದಿನಾ ಬಟ್ಟಲಿಗೆ ಬೀಳಲಿ. ತಿನ್ನುವವರಾದರೆ ಮೊಟ್ಟೆ, ಬೂತಾಯಿ ಮೀನು. ಬೂತಾಯಿಯಲ್ಲಿ ವಿಟಮಿನ್ ಡಿ ಕೂಡ ಇದೆ, ಬಿಸಿಲಿಲ್ಲದ ನಮ್ಮ ಆಟಿ ತಿಂಗಳಿಗೆ ಹೇಳಿ ಮಾಡಿಸಿದ್ದು. ಜೊತೆಗೆ ಹರಿವೆ, ಬಸಳೆ, ನುಗ್ಗೆಸೊಪ್ಪು, ಬಾಳೆದಿಂಡು. ಕರುಳಿನೊಳಗಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ನಾರೇ ಊಟ. ಒಂದೆಲಗ, ಸಾಂಬ್ರಾಣಿ (ದೊಡ್ಡಪತ್ರೆ) ಸೊಪ್ಪಿನ ತಂಬುಳಿ ಮಾಡಿ. ಅದರಲ್ಲಿ ಮೊಸರೋ ಮಜ್ಜಿಗೆಯೋ ಹೇಗೂ ಇರುತ್ತದೆ. ಕುದಿಸದೆ ಬಡಿಸುವುದರಿಂದ ಅದರ ಜೀವಾಣುಗಳೂ ಉಳಿಯುತ್ತವೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಗಂಜಿಯ ಅಳತೆ ಇಳಿಸಿ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಸೋಂಕು ಬೇಗ ತಗಲುತ್ತದೆ, ಗಾಯ ನಿಧಾನಕ್ಕೆ ಮಾಯುತ್ತದೆ.

ಈಗ ಹೇಳುವುದಕ್ಕೆ ಅರ್ಧ ಗುಂಪು ಸಿಟ್ಟಾಗಬಹುದು. ಕವಳ, ಅಂದರೆ ಎಲೆ ಅಡಿಕೆ ಜಗಿಯುವುದು. ನಾವು ಅಡಿಕೆಯಿಂದಲೇ ಅನ್ನ ಉಣ್ಣುವವರು, ನನಗೂ ಗೊತ್ತು. ಹೊಗೆಸೊಪ್ಪು ಬೇಡವೇ ಬೇಡ. ಆದರೆ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೆಲೆ ಬೀಳುತ್ತದೆ ಅಂತ ಇದನ್ನು ಮನೆಮಕ್ಕಳಿಂದ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಬಾಯಿಯ ಒಳಚರ್ಮ ದಿನಾ ಸುಟ್ಟುಕೊಂಡು ಹೊರಗಿಂದ ಶಕ್ತಿ ತುಂಬುವುದು ತಳ ಒಡೆದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ.

ನೀರು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಹರಿದು ಬರುವ ನೀರು ತಣ್ಣಗೆ, ಚೊಕ್ಕ ಅಂತ ಹಾಗೇ ಕುಡಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬಾವಲಿ ಸೇರಿಕೊಂಡ ಸುರಂಗಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಕುದಿಸಿಯೇ ಕುಡಿಯಿರಿ. ಕುದಿಸಿದ್ದಕ್ಕೆ ತಣ್ಣೀರು ಬೆರೆಸಬೇಡಿ. ಜೀರಿಗೆ ನೀರು, ಪದಿಮುಗಂ ಮರದ ಚಕ್ಕೆ ಹಾಕಿದ ನೀರು ಅಂತ ಬಣ್ಣ ಬಂದಿರುತ್ತದೆ, ಆದರೆ ಬಿಸಿ ಆರಿಸಲು ಅರ್ಧ ಬಾವಿನೀರು ಸೇರಿರುತ್ತದೆ. ಹಳದಿ ಕಾಮಾಲೆ ಹರಡಲು ಅದೇ ಸಾಕು. ಮದುವೆಮನೆಯ ಐಸು ಹಾಕಿದ ಪಾನಕವೂ ಅದೇ ದಾರಿ. ಬಾವಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್. ಎರಡು ಮೀಟರ್ ಅಗಲದ ಉರುಟು ಬಾವಿ, ಮೂರು ಮೀಟರ್ ನೀರು ಇದ್ದರೆ ಸುಮಾರು ಒಂಬತ್ತೂವರೆ ಸಾವಿರ ಲೀಟರ್, ಪುಡಿ ಇಪ್ಪತ್ತನಾಲ್ಕು ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಬಿಟ್ಟು ಕೊಡಪಾನದಿಂದ ಕದಡಿ. ಬೆಳಿಗ್ಗೆ ಸೇದಬಹುದು. ಮಗುವಿಗೆ ಶಾಲೆಯಿಂದ ಬಂದ ಕೂಡಲೇ ಸಾಬೂನು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯಲು ಕಲಿಸಿ. ಇದೊಂದಕ್ಕೇ ಭೇದಿ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ.

ಅಕ್ಕಾ, ನಿಮ್ಮ ಯಜಮಾನರು ಈಗ ಬಸಿಗಾಲುವೆ ಬಿಡಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ಅವರಿಗೆ ಇದನ್ನು ಓದಿ ಹೇಳಿ. ಇಲಿಜ್ವರಕ್ಕೆ (ಲೆಪ್ಟೊಸ್ಪೈರೋಸಿಸ್) ಯಾವ ಶಕ್ತಿಯೂ ಅಡ್ಡ ಬರುವುದಿಲ್ಲ. ಇಲಿಯ, ದನದ ಮೂತ್ರ ಬೆರೆತ ಕೆಸರು, ಕಾಲಿನಲ್ಲಿ ಒಂದು ಸೀಳು, ಇಷ್ಟು ಸಾಕು. ಬೂಟು, ಗ್ಲೌಸು ಹಾಕಿ ಇಳಿಯಲಿ. ಕೆಸರಿನ ಕೆಲಸ ಇರುವಷ್ಟು ವಾರ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ, ಊಟ ಆದ ಮೇಲೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಧರ್ಮಕ್ಕೆ ಸಿಗುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಆಗದು, ಅಲ್ಲಿ ಕೇಳಿಯೇ ತೆಗೆದುಕೊಳ್ಳಿ. ಹಾಗೇ ಧನುರ್ವಾಯುವಿನ ಚುಚ್ಚುಮದ್ದು ಟಿಟಿ, ಈಗ ಟಿಡಿ ಅನ್ನುತ್ತಾರೆ, ಹಿಂದಿನದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಒಂದು ಚುಚ್ಚಿಸಿಕೊಳ್ಳಲಿ. ಕತ್ತಿ ಹಿಡಿಯುವವರ ಕೈ ಅದು. ಭಾನುವಾರ ಒಂದು ಸುತ್ತು ಹೋಗಿ ನೀರು ನಿಂತ ಅಡಿಕೆ ಹಾಳೆ, ತೆಂಗಿನ ಗೆರಟೆ, ಕೊಕ್ಕೋ ಸಿಪ್ಪೆ, ರಬ್ಬರ್ ಚಿಪ್ಪು ಮಗುಚಿ ಹಾಕಿ. ಡೆಂಗೆ ಸೊಳ್ಳೆಗೆ ಹುಟ್ಟಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು.

ಜ್ವರ ಮೂರು ದಿನ ಮೀರಿದರೆ, ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಮೀನಖಂಡ ಹಿಡಿದು ನೋಯುತ್ತಿದ್ದರೆ ಕಷಾಯ ಕುದಿಸುತ್ತಾ ಕೂರಬೇಡಿ. ಕೆಮ್ಮು ಎರಡು ವಾರ ದಾಟಿದರೆ ಕ್ಷಯ ಇದೆಯೋ ಅಂತ ಕಫ ಪರೀಕ್ಷೆ. ಮಗು ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಬೆಳಗಾಗುವ ತನಕವೂ ಕಾಯಬೇಡಿ.

ತಂಬುಳಿಗೆ ಒಂದೆಲಗ ಬೇಕಿದ್ದರೆ ಬಸಿಗಾಲುವೆಯ ಬದಿಯದ್ದು ಕೊಯ್ಯಬೇಡಿ, ಇಲಿ ಓಡಾಡುವ ಜಾಗ. ನಮ್ಮ ಜಗಲಿಯ ಎದುರು ಹಳೇ ಬಕೆಟಿನಲ್ಲಿ ನೆಟ್ಟದ್ದು ತುಂಬಿ ಹೊರಗೆ ಇಳಿಯುತ್ತಿದೆ. ಬದಿಯಡ್ಕಕ್ಕೆ ಬರುವ ದಿನ ಒಂದು ಮೆಸೇಜ್ ಹಾಕಿ, ಬೇರು ಸಮೇತ ಕಿತ್ತು ಕೊಡುತ್ತೇನೆ.