‘ವರ್ಚುಯೋಸೊ’ದಿಂದ ಶುರು ಮಾಡಬೇಡಿ

ಜಾಝ್ ಗಿಟಾರ್ ವಾದಕ ಜೋ ಪಾಸ್ ಅವರ ‘ವರ್ಚುಯೋಸೊ’ ಆಲ್ಬಮ್‌ನ ನಾಲ್ಕೂ ಭಾಗ ಒಂದೇ ದಿನ ಫೋನ್‌ ಸ್ಪೀಕರ್‌ನಲ್ಲಿ ಕೇಳಿದೆ, ಕೈಚಳಕ ಭರ್ಜರಿ, ಆದರೆ ಎಲ್ಲ ಒಂದೇ ಥರ ಅನ್ನಿಸಿತು ಅಂತ ಬರೆದಿದ್ದೀರಿ. ಅನ್ನಿಸದೆ ಇನ್ನೇನು ಸಾರ್! ನಾನೂ ಅಲ್ಲಿಂದಲೇ ಶುರು ಮಾಡಿ ಬೇಜಾರಾಗಿ ಬಿಟ್ಟಿದ್ದವನು. 1973ರ ಆ ಮೊದಲ ಭಾಗದಲ್ಲಿ ಕೆಳಸ್ವರ ನುಡಿಸುವ ಬಾಸ್ ವಾದ್ಯವೂ ಇಲ್ಲ, ಡ್ರಮ್ಸೂ ಇಲ್ಲ. ಒಂದೇ ಗಿಟಾರ್. ಲಯವನ್ನೂ ಬೇಕಾದ ಕಡೆ ಎಳೆದು ಬಿಡುತ್ತಾರೆ. ಮೂಲ ಹಾಡು ಗೊತ್ತಿಲ್ಲದಿದ್ದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಮೊದಲು ಇನ್ನೊಬ್ಬ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿ ಹಾಕಿ. 1965ರ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ನಲ್ಲಿ ‘ನೋ ಬ್ಲೂಸ್’ ಒಂದೇ ಸಾಕು. ಸುಮಾರು 13 ನಿಮಿಷ. 12 ಬಾರ್‌ನ (ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಗುಂಪು) ಆವರ್ತ, ಅದೇ ಸುತ್ತಿ ಸುತ್ತಿ ಬರುತ್ತದೆ. ಮೊದಮೊದಲು ಗಿಟಾರ್ ಕಡೆ ಗಮನವೇ ಬೇಡ. ಪಾಲ್ ಚೇಂಬರ್ಸ್ ಅವರ ಬಾಸ್ ಹಿಡಿದು, ಒಂದು ಬಾರ್‌ಗೆ ನಾಲ್ಕರಂತೆ ತೊಡೆ ಮೇಲೆ ತಾಳ ಹಾಕಿ. ತಪ್ಪುತ್ತದೆ. ತಪ್ಪಿದರೆ ಮತ್ತೆ ಮೊದಲಿಂದ. ಆವರ್ತ ಮುಗಿಯುವುದು ಲೆಕ್ಕವಿಲ್ಲದೆ ಗೊತ್ತಾಗತೊಡಗಿದ ಮೇಲೆ ವೆಸ್ ಕಡೆ ಬನ್ನಿ. ಮೊದಲು ಬಿಡಿ ಸ್ವರ, ಆಮೇಲೆ ಅದೇ ಓಟ ಎರಡು ಸ್ಥಾಯಿಯಲ್ಲಿ ಒಟ್ಟಿಗೆ, ಕೊನೆಗೆ ಹಲವು ಸ್ವರ ಒಟ್ಟಿಗೆ ನುಡಿಯುವ ಇಡೀ ಕಾರ್ಡ್‌ಗಳು. ಅದೂ ತಂತಿ ಮೀಟುವ ಪಿಕ್ ಇಲ್ಲದೆ, ಬರೀ ಹೆಬ್ಬೆರಳಲ್ಲಿ. ವೇಗಕ್ಕಿಂತ ಈ ಏರಿಕೆ ದೊಡ್ಡದು ಅಲ್ವಾ?

ಆಮೇಲೆ ಜೋ ಪಾಸ್. ಆಗಲೂ ನೇರ ‘ವರ್ಚುಯೋಸೊ’ಕ್ಕೆ ಹೋಗಬೇಡಿ, 1964ರ ‘ಫಾರ್ ಜಾಂಗೋ’ ಕೇಳಿ. ಅದರಲ್ಲಿ ಬಾಸ್, ಡ್ರಮ್ಸ್ ಇವೆ. ‘ವರ್ಚುಯೋಸೊ’ದಿಂದ ಒಂದೇ ಹಾಡು ಆರಿಸಿಕೊಳ್ಳಿ: ‘ಹ್ಯಾವ್ ಯು ಮೆಟ್ ಮಿಸ್ ಜೋನ್ಸ್’. ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಇದನ್ನು 1956ರಲ್ಲಿ ಹಾಡಿದ್ದಾರೆ, ಬಾಯಿಗೆ ಬರುವ ತನಕ ಅದನ್ನು ಗುನುಗಿ. 32 ಬಾರ್. ನಡುವಿನ ಎಂಟು ಬಾರ್‌ನಲ್ಲಿ ಆಧಾರ ಷಡ್ಜವೇ ಜಾಗ ಬದಲಿಸುತ್ತಾ ಹೋಗುತ್ತದೆ. ತಂಬೂರಿ ಶ್ರುತಿಗೆ ಒಗ್ಗಿದ ನಮ್ಮ ಕಿವಿ ಅಲ್ಲೇ ದಾರಿ ತಪ್ಪುವುದು.

ದಯವಿಟ್ಟು ಆ ಫೋನ್ ಸ್ಪೀಕರ್ ಬಿಡಿ ಮಾರಾಯ್ರೇ. ಡಬಲ್ ಬಾಸ್‌ನ ಕೆಳಗಿನ ಸ್ವರಗಳು ಅದರಲ್ಲಿ ಬರುವುದೇ ಇಲ್ಲ, ಇನ್ನು ತಾಳ ಹಿಡಿಯುವುದು ಯಾವುದರಿಂದ? ಸೋನಿಯ ಎಂಡಿಆರ್ 7506 ಹೆಡ್‌ಫೋನ್ ನನಗೆ ಇಷ್ಟ, ಆದರೆ ಸಾಧಾರಣ ವೈರ್ ಇಯರ್‌ಫೋನ್ ಆದರೂ ನಡೆಯುತ್ತದೆ. ‘ಬಾಸ್ ಬೂಸ್ಟ್’ ಮಾತ್ರ ಆಫ್ ಇರಲಿ, ಎಲ್ಲ ಗುಂಯ್‌ಗುಟ್ಟುತ್ತದೆ. ಹಳೆಯ ಕಾಲದ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ರ 1930ರ ದಶಕದ ರೆಕಾರ್ಡಿಂಗ್‌ಗಳಲ್ಲಿ ಕರಕರ ಸದ್ದು ಇದ್ದೇ ಇರುತ್ತದೆ. ಅದನ್ನು ತೆಗೆಯಲು ಹೋದರೆ ತಂತಿಯ ಕಳೆಯೂ ಹೋಗುತ್ತದೆ.

ಮುಂದಿನದು ಬಿಲ್ ಇವಾನ್ಸ್, ಜಿಮ್ ಹಾಲ್ ಜೋಡಿಯ ‘ಅಂಡರ್‌ಕರೆಂಟ್’ ಆಲ್ಬಮ್ ಅಂದಿದ್ದೀರಿ. ಅದೂ ಬರೀ ಪಿಯಾನೊ, ಗಿಟಾರ್. ಈಗಲೇ ಮುಟ್ಟಬೇಡಿ.