ತೋರಾ ಬರುವ ಮೊದಲೇ ಪ್ರಳಯದ ಶಿಕ್ಷೆ ಕೊಟ್ಟಿದ್ದು ಅನ್ಯಾಯವಲ್ಲವೇ?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೆಯ ಸಿನಾಪ್ಸಿಸ್ಸನ್ನೇ ಯಾರೋ ಇಲ್ಲಿ ಹಾಕಿದ್ದಾರೆ ಅನ್ನಿಸಿತು. ನೋಹನ ಕಾಲದವರಿಗೆ ಯಾವ ಆಜ್ಞೆಯೂ ಇರಲಿಲ್ಲ, ತೋರಾ, ಅಂದರೆ ಯೆಹೂದಿಗಳ ಧರ್ಮಶಾಸ್ತ್ರ, ಸಿಕ್ಕಿದ್ದು ಎಷ್ಟೋ ತಲೆಮಾರು ಕಳೆದು ಸೀನಾಯ್ ಬೆಟ್ಟದಲ್ಲಿ; ಹಾಗಾದರೆ ಪ್ರಳಯ ಪೂರ್ವಾನ್ವಯ ಶಿಕ್ಷೆಯೇ ಆಯಿತಲ್ಲ, ಎಲ್‌ಎಲ್‌ಎಂ ಡಿಸರ್ಟೇಶನ್‌ಗೆ ಇದನ್ನೇ ಹಿಡಿಯಲೇ ಇಲ್ಲಾ ಸಾದಿಯಾ–ಮೈಮೊನೈಡಿಸ್ ಅನ್ನುವ ಇಬ್ಬರು ಮಧ್ಯಯುಗದ ಯೆಹೂದಿ ಪಂಡಿತರ ಹೋಲಿಕೆ ಮಾಡಲೇ ಅಂತ ಕೇಳಿದ್ದೀರಿ. ಮೊದಲನೆಯದನ್ನು ನಾನು ಹಿಡಿದಿದ್ದೆ. ವೈವಾದಲ್ಲಿ ಮುಗ್ಗರಿಸಿ ಬಿದ್ದೆ.

ಆಗ ನನಗೆ ಸಂವಿಧಾನದ 20(1)ನೇ ವಿಧಿ ತಲೆಗೇರಿತ್ತು. ಕೃತ್ಯ ನಡೆದ ಹೊತ್ತಿನಲ್ಲಿ ಜಾರಿಯಲ್ಲಿದ್ದ ಕಾನೂನನ್ನು ಮುರಿದಿದ್ದರೆ ಮಾತ್ರ ಶಿಕ್ಷೆ ಅನ್ನುವ ವಿಧಿ. ಅದನ್ನು ಹಿಡಿದುಕೊಂಡು ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡಕ್ಕೆ ನುಗ್ಗಿದೆ. ಯಾವ ಆಜ್ಞೆ, ಯಾರಿಗೆ, ಯಾವ ಅಧ್ಯಾಯದಲ್ಲಿ ಅಂತ ಪಟ್ಟಿ ಮಾಡಿದೆ, ಗೆಜೆಟ್ ಅಧಿಸೂಚನೆಯ ದಿನಾಂಕ ಹುಡುಕಿದ ಹಾಗೆ. ಆರನೇ ಅಧ್ಯಾಯದಲ್ಲಿ ಭೂಮಿ ಕೆಟ್ಟುಹೋಗಿ ಅನ್ಯಾಯದಿಂದ ತುಂಬಿತ್ತು ಅಂತ ಇದೆ. ಅದಕ್ಕೆ ಮೊದಲು ಕದಿಯಬೇಡಿ ಅಂತ ಎಲ್ಲೂ ಹೇಳಿಲ್ಲ. ಆ ಖಾಲಿ ಜಾಗವನ್ನೇ ತೋರಿಸಿ ಮೂರನೇ ಅಧ್ಯಾಯ ಪೂರ್ತಿ ಬರೆದೆ. ಗೈಡ್‌ಗೂ ಬಹಳ ಹಿಡಿಸಿತ್ತು.

ಇದಕ್ಕೆ ಯೆಹೂದಿ ಪಂಡಿತರ ಕಾನೂನು ಚರ್ಚೆಗಳ ಸಂಗ್ರಹ ತಾಲ್ಮುದ್‌ನಲ್ಲೇ ಒಂದು ಉತ್ತರ ಇದೆ, ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಸನ್ಹೆದ್ರಿನ್ ಭಾಗದ 56ಬಿ ಪುಟದಲ್ಲಿ ರಬ್ಬಿಗಳು ಆದಿಕಾಂಡ 2:16ರಿಂದಲೇ ಆದಾಮನಿಗೆ ಕಾನೂನು ಸಿಕ್ಕಿತ್ತು ಅಂತ ತೋರಿಸುತ್ತಾರೆ. ಮೈಮೊನೈಡಿಸ್ ಲೆಕ್ಕದಲ್ಲಿ ಆರು ಆಜ್ಞೆ ಆದಾಮನಿಗೆ, ಏಳನೆಯದು ನೋಹನಿಗೆ. ನನಗೆ ಇದು ಇವತ್ತಿಗೂ ಸಪ್ಪೆ ಉತ್ತರವೇ. 'ಅಧಿಸೂಚನೆ ಹೊರಟಿತ್ತು, ನೀವು ನೋಡಲಿಲ್ಲ ಅಷ್ಟೆ' ಅಂದ ಹಾಗೆ. ಫುಟ್‌ನೋಟ್‌ನಲ್ಲಿ ಹಾಕಿ ಮುಂದೆ ಹೋಗಿದ್ದೆ, ಅದಕ್ಕೆ ಪಶ್ಚಾತ್ತಾಪ ಇಲ್ಲ.

ನಾನು ಕೆಟ್ಟಿದ್ದು ರಾಂಬಾನ್ ವಿಷಯದಲ್ಲಿ. ಅಂದರೆ ಸ್ಪೇನಿನ ಜಿರೋನಾ ಊರಿನ ರಬ್ಬಿ ಮೋಶೆ ಬೆನ್ ನಾಹ್ಮಾನ್, 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನ್ ರಾಜನೆದುರು ಕ್ರೈಸ್ತರ ಜೊತೆ ವಾದ ಮಾಡಿದವರು. ಆದಿಕಾಂಡ 6:13ರ ವ್ಯಾಖ್ಯಾನದಲ್ಲಿ ಅವರು ತಾಲ್ಮುದ್‌ನ ಒಂದು ಮಾತನ್ನು ಎತ್ತಿಕೊಳ್ಳುತ್ತಾರೆ: ಪ್ರಳಯದ ತಲೆಮಾರು ಮಾಡದ ಪಾಪ ಇರಲಿಲ್ಲ, ಆದರೂ ತೀರ್ಪಿಗೆ ಮುದ್ರೆ ಬಿದ್ದಿದ್ದು ಸುಲಿಗೆಗೆ ಕೈ ಚಾಚಿದಾಗ. ಇಷ್ಟನ್ನು ನಾನು ಉದ್ಧರಿಸಿದೆ. ಆಮೇಲೆ ಮೂರು ಚುಕ್ಕಿ ಹಾಕಿದೆ.

ಆ ಚುಕ್ಕಿಗಳನ್ನು ಬಿಡಿಸಿಯೇ ಹೇಳಬೇಕು, ನೀವು ಅವನ್ನು ಹಾಕಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿರುವುದು. ಸುಲಿಗೆಯೇ ಯಾಕೆ ಅನ್ನುವುದಕ್ಕೆ ರಾಂಬಾನ್ ಅಲ್ಲೇ ಕಾರಣ ಕೊಡುತ್ತಾರೆ: ಅದು ಬುದ್ಧಿಗೇ ಗೊತ್ತಾಗುವ ಸಂಗತಿ, ಎಚ್ಚರಿಸಲು ಪ್ರವಾದಿ ಬರಬೇಕಾಗಿಲ್ಲ. ನಾನು ಇದನ್ನು ಓದಿರಲಿಲ್ಲ ಅಂತಲ್ಲ. ಝೆರಾಕ್ಸ್ ಪ್ರತಿಯಲ್ಲಿ ಪೆನ್ಸಿಲ್ ಗೆರೆ ಕೂಡ ಎಳೆದಿದ್ದೆ. ಆದರೆ ನನ್ನ ಪಟ್ಟಿಯಲ್ಲಿ ಇದ್ದದ್ದು 'ಆಜ್ಞೆ ಇದೆ', 'ಆಜ್ಞೆ ಇಲ್ಲ' ಅನ್ನುವ ಎರಡೇ ಕಾಲಂ. ಈ ಮಾತು ಎರಡರಲ್ಲೂ ಕೂರಲಿಲ್ಲ. ಕೂರದ್ದನ್ನು 'ಪಂಡಿತರ ಉಪದೇಶ, ಕಾನೂನಿಗೆ ಸಂಬಂಧಿಸಿದ್ದಲ್ಲ' ಅಂತ ಕತ್ತರಿಸಿದೆ. ಸುಳ್ಳು ಬರೆದಿರಲಿಲ್ಲ, ಉದ್ಧರಣೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಪುಟಸಂಖ್ಯೆಯೂ ಸರಿ. ನನ್ನ ವಾದಕ್ಕೆ ನೇರ ಉತ್ತರವಾಗಿದ್ದ ಒಂದೇ ಒಂದು ವಾಕ್ಯ ಮಾತ್ರ ಇರಲಿಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಚುಕ್ಕಿಯ ಮೇಲೆ ಬೆರಳಿಟ್ಟು "ಇಲ್ಲಿ ಏನಿತ್ತು?" ಅಂದರು. ಬಾಯಿಪಾಠ ಇತ್ತು, ಹೇಳಿಬಿಟ್ಟೆ. "ಹಾಗಾದ್ರೆ ನಿಮ್ಮ ಮೂರನೇ ಅಧ್ಯಾಯ ಯಾಕೆ ಬೇಕು?" ಅಂದರು. ತಿದ್ದಿ ಮತ್ತೆ ಸಲ್ಲಿಸಿ ಅಂತ ಆಯಿತು, ಆ ವರ್ಷದ ಘಟಿಕೋತ್ಸವ ತಪ್ಪಿತು, ಕಾಯ್ದಿರಿಸಿದ ಹಾಗೇ ಇದ್ದ ಅತಿಥಿ ಉಪನ್ಯಾಸಕನ ಕೆಲಸ ಬೇರೆಯವರ ಪಾಲಾಯಿತು. ನಾನು ತಾಲ್ಲೂಕು ಕೋರ್ಟಿಗೆ ಬಂದೆ, ಇಲ್ಲೇ ಇದ್ದೇನೆ.

ಮತ್ತೆ ಬರೆಯುವಾಗ ಸಿಕ್ಕಿದ್ದು ಆದಿಕಾಂಡದ ಮೇಲಿನ ಹಳೆಯ ಯೆಹೂದಿ ವ್ಯಾಖ್ಯಾನ ಬೆರೆಶಿತ್ ರಬ್ಬಾದ ಕಾಳಿನ ಕಥೆ. ಮೊದಲೇ ಓದಿದ್ದರೆ ನನ್ನ ವಿಷಯವನ್ನೇ ಬದಲಾಯಿಸುತ್ತಿದ್ದೆ. ಪ್ರಳಯದ ಕಾಲದಲ್ಲಿ ಒಬ್ಬ ಬುಟ್ಟಿ ತುಂಬ ಲೂಪಿನ್ ಕಾಳು ಹೊರಗೆ ತರುತ್ತಾನೆ. ಒಬ್ಬೊಬ್ಬರಾಗಿ ಬಂದು ಚೂರು ಚೂರು ಎತ್ತಿಕೊಳ್ಳುತ್ತಾರೆ. ಎಷ್ಟು? ಒಂದು ಪೆರೂಟಾಕ್ಕಿಂತ ಕಡಿಮೆ ಬೆಲೆಯಷ್ಟು. ಪೆರೂಟಾ ಅಂದರೆ ತೀರಾ ಚಿಕ್ಕ ತಾಮ್ರದ ನಾಣ್ಯ. ಅದಕ್ಕಿಂತ ಕಡಿಮೆಯದನ್ನು ನ್ಯಾಯಾಲಯದಲ್ಲಿ ಕೇಳಿ ವಸೂಲು ಮಾಡಲಾಗದು. ಸಂಜೆಗೆ ಬುಟ್ಟಿ ಬರಿದು, ಆದರೆ ಕಳ್ಳ ಅಂತ ಯಾರನ್ನೂ ಕಟಕಟೆಗೆ ತರುವಂತಿಲ್ಲ. ನಮ್ಮಲ್ಲೂ ದಂಡಸಂಹಿತೆಯ 95ನೇ ಕಲಂ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 33: ಯಾರೂ ದೂರು ಹೇಳದಷ್ಟು ಅಲ್ಪ ಹಾನಿ ಅಪರಾಧವಲ್ಲ. ಒಳ್ಳೆಯ ಕಲಮೇ, ಇರಲೇಬೇಕು. ಆ ಜನ ಬದುಕುತ್ತಿದ್ದದ್ದು ಪೂರ್ತಿ ಆ ಕಲಮಿನ ನೆರಳಲ್ಲಿ. ನನ್ನ ಕಕ್ಷಿದಾರರಲ್ಲಿ ಅರ್ಧ ಜನ ಬದುವಿನ ವ್ಯಾಜ್ಯದವರು. ಪ್ರತಿ ಉಳುಮೆಗೂ ನೇಗಿಲು ಒಂದು ಗೆರೆ ಆಚೆ ಹೋಗುತ್ತದೆ. ಯಾವ ವರ್ಷ ಒತ್ತುವರಿ ಆಯಿತು ಅಂತ ಕೇಳಿದರೆ ಯಾವ ವರ್ಷವೂ ಅಲ್ಲ.

ಈಗ ನಿಮ್ಮ ಪ್ರಶ್ನೆ ನೋಡಿ. 'ಯಾವ ಕಾನೂನು ಜಾರಿಯಲ್ಲಿತ್ತು?' ಅಂತ ಕೇಳುತ್ತಿದ್ದೀರಿ. ಅದು ಕಾಳೆತ್ತಿಕೊಂಡವರ ವಕೀಲ ಕೇಳುವ ಪ್ರಶ್ನೆ. ಅವರ ಕೊಳಕು ಕಾನೂನು ಇಲ್ಲದ್ದರಿಂದ ಹುಟ್ಟಿದ್ದಲ್ಲ, ಕಾನೂನಿನ ಅಂಚು ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿದ್ದರಿಂದ ಹುಟ್ಟಿದ್ದು. ಪೆರೂಟಾ ಲೆಕ್ಕ ಹಾಕಿ ಎತ್ತುವವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ತಿಳಿಯದೇ ಇರುವುದುಂಟೇ? ಹಾಗಾಗಿ ಪೂರ್ವಾನ್ವಯದ ವಿಷಯ ಬೇಡವೇ ಬೇಡ, ಬಿಟ್ಟುಬಿಡಿ.

ಸಾದಿಯಾ–ಮೈಮೊನೈಡಿಸ್ ಹೋಲಿಕೆ? ಅದು ಉತ್ತು ಉತ್ತು ಪುಡಿಯಾದ ಹೊಲ. ಸಾದಿಯಾ ಗಾವೋನ್ (882–942) ಆಜ್ಞೆಗಳನ್ನು ಬುದ್ಧಿಯವು, ದೇವರಿಂದ ಕೇಳಿ ಬಂದವು ಅಂತ ಎರಡು ಮಾಡಿದರು. ಕಳ್ಳತನದ ಬಗ್ಗೆ ಅವರ ವಾದ ಸೊಗಸಾಗಿದೆ, ಎಲ್ಲರೂ ಕದ್ದೇ ತಿನ್ನುವುದಾದರೆ ದುಡಿಯುವವರಿರುವುದಿಲ್ಲ, ಕೊನೆಗೆ ಕದಿಯಲೂ ಏನೂ ಉಳಿಯುವುದಿಲ್ಲ ಅಂತ. ಮೈಮೊನೈಡಿಸ್ ತಮ್ಮ 'ಎಂಟು ಅಧ್ಯಾಯ'ದ ಆರನೆಯದರಲ್ಲಿ, ಇವನ್ನು ಬುದ್ಧಿಯ ಆಜ್ಞೆ ಅಂತ ಕರೆಯುವವರಿಗೆ ಕಲಾಂ (ಇಸ್ಲಾಮೀ ದೇವಶಾಸ್ತ್ರ) ತಾರ್ಕಿಕರ ಕಾಯಿಲೆ ಅಂಟಿದೆ ಅಂತ ಚುಚ್ಚುತ್ತಾರೆ. ನೀವು ಹೋಲಿಸಿದರೆ ಇಷ್ಟನ್ನೇ ನೂರು ಪುಟ ಹಿಗ್ಗಿಸುತ್ತೀರಿ.

ಬರೆಯಬೇಕಾದ್ದು ಬೇರೆ ಇದೆ. ಮೈಮೊನೈಡಿಸ್ ತಮ್ಮ ಕಾನೂನು ಸಂಹಿತೆಯ ರಾಜರ ಕಾನೂನುಗಳ ಭಾಗದಲ್ಲಿ (8:11), ಮೇಲೆ ಹೇಳಿದ ನೋಹನ ಏಳು ಆಜ್ಞೆಗಳನ್ನು ಬರೀ ತನ್ನ ಬುದ್ಧಿ ಒಪ್ಪಿತು ಅಂತ ಪಾಲಿಸುವವನು ಅನ್ಯಜನರ, ಅಂದರೆ ಯೆಹೂದಿಯಲ್ಲದವರ, ಧರ್ಮಾತ್ಮರ ಸಾಲಿಗೆ ಸೇರುವುದಿಲ್ಲ, ದೇವರು ಪ್ರವಾದಿ ಮೋಶೆಯ ಮೂಲಕ ಹೇಳಿದ್ದಾನೆ ಅಂತ ಒಪ್ಪಿರಬೇಕು ಅನ್ನುತ್ತಾರೆ. ಇದನ್ನು ರಾಂಬಾನ್ ಪಕ್ಕ ಇಡಿ. ಮುಳುಗಿಸುವುದಕ್ಕೆ ಬುದ್ಧಿ ಸಾಕು, ಪುಣ್ಯ ಬರೆಯುವುದಕ್ಕೆ ಸಾಲದು! ಇದು ಹೇಗೆ ಸರಿಹೋಗುತ್ತದೆ? ನನಗಂತೂ ಸರಿಹೋಗಿಲ್ಲ. ಗೈಡ್ ಒಪ್ಪದಿದ್ದರೆ ಗೈಡನ್ನೇ ಬದಲಾಯಿಸಿ. ರಾಂಬಾನ್ ವ್ಯಾಖ್ಯಾನ ಸೆಫಾರಿಯಾ ಜಾಲತಾಣದಲ್ಲಿ ಇಂಗ್ಲಿಷ್ ಅನುವಾದದ ಸಮೇತ ಪುಕ್ಕಟೆ ಸಿಗುತ್ತದೆ. 6:13ನ್ನು ಕೊನೆಯ ಸಾಲಿನವರೆಗೂ ಓದಿ ಆಮೇಲೆ ಸಿನಾಪ್ಸಿಸ್ ಬರೆಯಿರಿ.